ಬಣ್ಣದ ಅಡಿಯ ಬಿರುಕು: ಹಳೆಯ ಮನೆ ಮಾರುವವರಿಗೂ ಕೊಳ್ಳುವವರಿಗೂ

ಕಳೆದ ವರ್ಷ ಆಟಿ ತಿಂಗಳ ಒಂದು ಸಂಜೆ, ಮಗ್ರಿಬ್ ನಮಾಝ್ ಮುಗಿದ ಬಳಿಕ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮದ್ರಸದ ಜಗಲಿಗೆ ಬಂದು ಕುಳಿತ. 18 ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವನು. ಆ ದುಡಿಮೆಯ ಉಳಿತಾಯಕ್ಕೆ ಪತ್ನಿಯ ಒಡವೆಯನ್ನೂ ಸೇರಿಸಿ ನಮ್ಮ ಜಮಾಅತ್‌ನ ವ್ಯಾಪ್ತಿಯಲ್ಲಿಯೇ ಹಳೆಯ ಮನೆಯೊಂದನ್ನು ಕೊಂಡು ಅವನಿಗೆ ಐದು ತಿಂಗಳಾಗಿತ್ತು. ಮಡಚಿಟ್ಟ ಕೊಡೆಯಿಂದ ನೀರು ಇಳಿಯುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದವನು ಕೊನೆಗೆ ತಲೆ ಎತ್ತದೆಯೇ ಕೇಳಿದ: "ಉಸ್ತಾದರೇ, ಆ ಮನೆಯ ಅಡುಗೆಕೋಣೆಯಲ್ಲಿ ಮಳೆಗಾಲಕ್ಕೆ ಒರತೆ ಏಳುತ್ತದೆ ಎಂಬುದು ನಿಮಗೆ ಗೊತ್ತಿತ್ತೇ?"

ನನಗೆ ಗೊತ್ತಿತ್ತು.

ಹೇಗೆ ಗೊತ್ತಿತ್ತು ಎಂಬುದನ್ನು ಹೇಳಬೇಕು. ನಮ್ಮ ಕಡೆ ಮದ್ರಸದ ಉಸ್ತಾದರಿಗೆ ಜಮಾಅತ್‌ನ ಮನೆಗಳಲ್ಲಿ ಸರದಿಯಂತೆ ಊಟದ ವ್ಯವಸ್ಥೆ ಇರುವುದು ಓದುಗರಿಗೆ ತಿಳಿದದ್ದೇ. ನಾನು ಈ ಊರಿಗೆ ಬಂದ ಆರಂಭದ ವರ್ಷಗಳಲ್ಲಿ ಆ ಮನೆಯಲ್ಲಿ ಎಷ್ಟೋ ಬಾರಿ ಉಂಡಿದ್ದೇನೆ. ಜುಲೈ ತಿಂಗಳಲ್ಲಿ ಆ ಮನೆಯ ತಾಯಿ ಅಡುಗೆಕೋಣೆಯ ಬಾಗಿಲಿಗೆ ಗೋಣಿಚೀಲ ಹಾಸಿರುತ್ತಿದ್ದರು, ನೆಲ ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. ಹಿಂಬದಿಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದು ಬಂದ ಬಿರುಕೊಂದು ಇತ್ತು. ವರ್ಷಕ್ಕೊಮ್ಮೆ ಅದಕ್ಕೆ ಸಿಮೆಂಟ್ ಮೆತ್ತುತ್ತಿದ್ದರು, ವರ್ಷಕ್ಕೊಮ್ಮೆ ಅದು ಮತ್ತೆ ಬಾಯಿ ತೆರೆಯುತ್ತಿತ್ತು. ಅಡುಗೆಕೋಣೆ ನಿಂತಿರುವ ಜಾಗದಲ್ಲಿ ಹಿಂದೆ ಸಣ್ಣ ತೋಡೊಂದು ಹರಿಯುತ್ತಿತ್ತೆಂದೂ ಮನೆ ವಿಸ್ತರಿಸುವಾಗ ಅದಕ್ಕೆ ಮಣ್ಣು ತುಂಬಿಸಿ ಪಂಚಾಂಗ ಹಾಕಿದರೆಂದೂ ಆ ಮನೆಯ ಹಿರಿಯರೇ ಊಟದ ನಡುವೆ ಒಮ್ಮೆ ಹೇಳಿದ್ದರು.

ಮನೆ ಮಾರಾಟಕ್ಕೆ ಬಂದದ್ದು ಫೆಬ್ರವರಿಯಲ್ಲಿ. ಆಗ ಗೋಡೆಗಳು ಒಣಗಿದ್ದವು. ಪುಟ್ಟಿ ಎಳೆದು, ತಿಳಿ ಹಸಿರು ಬಣ್ಣ ಬಳಿದು, ಅಡುಗೆಕೋಣೆಗೆ ಹೊಸ ಟೈಲ್ಸ್ ಹಾಕಲಾಗಿತ್ತು. ನನ್ನ ವಿದ್ಯಾರ್ಥಿ ರಜೆಯಲ್ಲಿ ಬಂದವನು ಎರಡು ಬಾರಿ ನೋಡಿ ಮುಂಗಡ ಕೊಟ್ಟ. ಗೃಹಪ್ರವೇಶಕ್ಕೆ ನನ್ನನ್ನು ಕರೆದಿದ್ದ. ನಾನು ಹೋದೆ, ದುಆ ಮಾಡಿದೆ, ಬಿರಿಯಾನಿ ಉಂಡೆ. ಹೊಸ ಟೈಲ್ಸ್ ನೋಡಿದಾಗ ಮನಸ್ಸಿನಲ್ಲಿ ಏನೋ ಚುಚ್ಚಿತು. ಆದರೆ ಆ ಮನೆಯವರ ಅನ್ನದ ಋಣ ನನ್ನ ಮೇಲಿತ್ತು. ಅವರ ವ್ಯಾಪಾರ ಕೆಡಿಸುವುದು ನನ್ನ ಕೆಲಸವಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸರಿಪಡಿಸಿರಬಹುದು ಎಂಬ ಇನ್ನೊಂದು ನೆಪವೂ ಕೈಗೆ ಸಿಕ್ಕಿತು.

ಈ ಲೇಖನವನ್ನು ಬರೆಯಲು ಆ ಸಂಜೆಯೇ ಕಾರಣ. ಆದ್ದರಿಂದ ಇದನ್ನು ಯಾರ ಮೇಲೋ ಬೆರಳು ತೋರಿಸುವ ಬರಹವೆಂದು ದಯವಿಟ್ಟು ತಿಳಿಯಬೇಡಿ.

ಸಹೀಹ್ ಮುಸ್ಲಿಮ್‌ನಲ್ಲಿ ಅಬೂ ಹುರೈರ(ರ)ರಿಂದ ವರದಿಯಾದ ಒಂದು ಘಟನೆ ನಮಗೆಲ್ಲ ಗೊತ್ತು. ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುತ್ತಾ ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ತೇವ ತಗುಲಿತು. ಇದೇನೆಂದು ಕೇಳಿದಾಗ ಮಳೆ ಬಿದ್ದು ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯಾದುದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಪ್ರಶ್ನಿಸಿ, ವಂಚಿಸುವವನು ನಮ್ಮವನಲ್ಲವೆಂಬ ಕಠಿಣ ಮಾತನ್ನು ಅವರು ನುಡಿದರು. ಈ ಹದೀಸನ್ನು ನಾನು ನೂರಾರು ಬಾರಿ ಪಾಠ ಮಾಡಿದ್ದೇನೆ. ಮಕ್ಕಳಿಗೆ ವಿವರಿಸುವಾಗ ತಕ್ಕಡಿ, ಅಕ್ಕಿಯಲ್ಲಿ ಕಲ್ಲು, ಹಾಲಿಗೆ ನೀರು ಎಂದೆಲ್ಲ ಉದಾಹರಣೆ ಕೊಟ್ಟಿದ್ದೇನೆ. ಗೋಡೆಯ ತೇವ ಒಮ್ಮೆಯೂ ನನ್ನ ನಾಲಗೆಗೆ ಬರಲಿಲ್ಲ. ಆ ವ್ಯಾಪಾರಿ ಮಳೆಯನ್ನು ತರಿಸಿದವನಲ್ಲ, ಧಾನ್ಯ ನೆನೆದದ್ದು ಅವನ ತಪ್ಪೂ ಅಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ್ದನ್ನು ಮೇಲಿಟ್ಟು ಒದ್ದೆಯನ್ನು ಅಡಿಗೆ ತಳ್ಳಿದ್ದಷ್ಟೇ ಅವನ ತಪ್ಪು. ಬಣ್ಣದ ಡಬ್ಬಿಯಿಂದ ನಾವು ಮಾಡುತ್ತಿರುವುದೂ ಅದನ್ನೇ.

ಒಂದು ಸೇರು ಧಾನ್ಯ ಹಾಳಾದರೆ ಆ ದಿನದ ಊಟ ಕೆಡುತ್ತದೆ. ಮನೆ ಹಾಗಲ್ಲ. ನಮ್ಮ ಸಮುದಾಯದ ಸಾಮಾನ್ಯ ಕುಟುಂಬವೊಂದು ಬದುಕಿನಲ್ಲಿ ಒಂದೇ ಬಾರಿ ಮನೆ ಕೊಳ್ಳುತ್ತದೆ. ಅದರ ಹಿಂದೆ ಮರಳುಗಾಡಿನಲ್ಲಿ ಕಳೆದ ಯೌವನ ಇರುತ್ತದೆ, ಮಕ್ಕಳ ಬಾಲ್ಯವನ್ನು ಫೋನಿನಲ್ಲಿ ಮಾತ್ರ ಕಂಡ ತಂದೆ ಇರುತ್ತಾನೆ. ಬಡ್ಡಿಯ ಸಾಲಕ್ಕೆ ಹೆದರಿ ಹೊಸ ಮನೆ ಕಟ್ಟುವ ಆಸೆಯನ್ನು ಬಿಟ್ಟು, ಕೈಯಲ್ಲಿರುವ ಹಣಕ್ಕೆ ಸಿಗುವ ಹಳೆಯ ಮನೆಯನ್ನು ಹುಡುಕುವವರೂ ನಮ್ಮಲ್ಲಿ ಬಹಳ. ಹರಾಮಿನಿಂದ ತಪ್ಪಿಸಿಕೊಳ್ಳಲು ಹೊರಟ ಅಂಥವನನ್ನು ಇನ್ನೊಬ್ಬ ನಮಾಝಿಯೇ ಪುಟ್ಟಿ ಹಚ್ಚಿ ವಂಚಿಸುತ್ತಾನೆಂದರೆ ಅದನ್ನು ಏನೆಂದು ಕರೆಯುವುದು?

ಇನ್ನು, ಬಿರುಕು ಎಂದ ಕೂಡಲೇ ಎಲ್ಲವೂ ಒಂದೇ ಅಲ್ಲ. ಈ ವಿಷಯದಲ್ಲಿ ನಮ್ಮ ಅಜ್ಞಾನವೂ ವಂಚನೆಗೆ ದಾರಿ ಮಾಡಿಕೊಡುತ್ತದೆ. ಆ ಘಟನೆಯ ಬಳಿಕ ನಮ್ಮೂರಿನ ಹಿರಿಯ ಮೇಸ್ತ್ರಿಯೊಬ್ಬರ ಜೊತೆ ಕುಳಿತು ನಾನು ತಿಳಿದುಕೊಂಡದ್ದನ್ನು ಇಲ್ಲಿ ಹೇಳುವುದು ಕರ್ತವ್ಯವೆಂದು ಭಾವಿಸುತ್ತೇನೆ.

ಸಾರಣೆಯ ಮೇಲೆ ಕಾಣುವ ಕೂದಲೆಳೆಯಂಥ, ಬಲೆಯಂತೆ ಹರಡಿದ ಬಿರುಕುಗಳು ಹೆಚ್ಚಾಗಿ ಸಿಮೆಂಟ್ ಒಣಗುವಾಗ ಆದವು. ಅವುಗಳಿಂದ ಮನೆಗೆ ಅಪಾಯವಿಲ್ಲ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಡುವ, ಅಥವಾ ಕಲ್ಲುಗಳ ಸಂದಿಯನ್ನು ಹಿಡಿದು ಮೆಟ್ಟಿಲಿನಂತೆ ಏರುವ ಬಿರುಕು ಬೇರೆ ಜಾತಿಯದು. ಗೋಡೆಯ ಒಂದು ಭಾಗ ಇಳಿಯುತ್ತಿದೆ, ಇನ್ನೊಂದು ನಿಂತಿದೆ ಎಂದು ಅದು ಹೇಳುತ್ತದೆ. ಅಂಥ ಬಿರುಕು ಒಂದು ತುದಿಯಲ್ಲಿ ಕಿರಿದಾಗಿ ಇನ್ನೊಂದು ತುದಿಯಲ್ಲಿ ಅಗಲವಾಗಿದ್ದರೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣಿಸಿದರೆ, ಹತ್ತಿರದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲು ಆಗದಿದ್ದರೆ ಎಚ್ಚರ ವಹಿಸಬೇಕು. ಹಳೆಯ ಮನೆಗೆ ಹೊಸ ಕೋಣೆ ಸೇರಿಸಿದ ಜಾಗದಲ್ಲಿ ಮೇಲಿಂದ ಕೆಳಕ್ಕೆ ನೇರ ಗೆರೆಯಂತೆ ಬಿರುಕು ಬಿಡುವುದು ತೀರಾ ಸಾಮಾನ್ಯ, ಏಕೆಂದರೆ ಎರಡು ಪಂಚಾಂಗಗಳು ಎರಡು ಕಾಲದವು, ಅವು ಒಂದೇ ಸಮನೆ ಇಳಿಯುವುದಿಲ್ಲ. ತಾರಸಿಯ ಸ್ಲ್ಯಾಬ್ ಗೋಡೆಯ ಮೇಲೆ ಕೂರುವಲ್ಲಿ ಅಡ್ಡಡ್ಡ ಕಾಣುವ ಬಿರುಕು ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಕುಗ್ಗುವುದರಿಂದಲೂ ಬರುತ್ತದೆ. ಅದು ಪಂಚಾಂಗದ ದೋಷವಲ್ಲ, ಆದರೆ ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ.

ಬಿರುಕು ಹಳೆಯದೋ, ಇನ್ನೂ ಬೆಳೆಯುತ್ತಿದೆಯೋ ಎಂದು ತಿಳಿಯಲು ಮೇಸ್ತ್ರಿಗಳಿಗೆ ಹಳೆಯ ಉಪಾಯವೊಂದಿದೆ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡು ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಿ ಕೆಲವು ತಿಂಗಳು ಬಿಡುತ್ತಾರೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಕೊಳ್ಳುವವನಿಗೆ ಅಷ್ಟು ಸಮಯವಿರುವುದಿಲ್ಲ, ನಿಜ. ಮಾರುವವನಿಗೆ ಆ ಗಾಜಿನ ಅಗತ್ಯವೇ ಇಲ್ಲ. ಅವನು ಆ ಗೋಡೆಯನ್ನು 20 ಮಳೆಗಾಲ ಕಂಡಿದ್ದಾನೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ನೆಲದ ಕಾರಣವೂ ಇದೆ. ಮೇಲೆ ಗಟ್ಟಿ ಮುರಕಲ್ಲು ಕಾಣುತ್ತದೆ; ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಗುದ್ದಲಿಗೆ ಸುಲಭವಾಗಿ ಬಗ್ಗದಷ್ಟು ಗಟ್ಟಿಯಾಗಿರುವ ಈ ಮಣ್ಣು ನೀರು ಕುಡಿದರೆ ಬಲ ಕಳೆದುಕೊಂಡು ಜಾರುತ್ತದೆ. ಗುಡ್ಡವನ್ನು ಅರ್ಧ ಕಡಿದು, ಕಡಿದ ಮಣ್ಣನ್ನೇ ಮುಂದಕ್ಕೆ ಸುರಿದು ಸಮತಟ್ಟು ಮಾಡಿ ಕಟ್ಟಿದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಅರ್ಧ ಮನೆ ಕಡಿದ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿಸಿದ ಸಡಿಲ ಮಣ್ಣಿನ ಮೇಲೆ. ಆ ಎರಡರ ಗಡಿಯಲ್ಲಿಯೇ ಬಿರುಕು ಹುಟ್ಟುತ್ತದೆ. ಘಟ್ಟದ ಮೇಲಿನ ನಮ್ಮ ಸಹೋದರರ ಕಷ್ಟ ಬೇರೆ ರೀತಿಯದು. ವಿಜಯಪುರ, ಕಲಬುರಗಿ, ಗದಗಿನ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಸೀಳುತ್ತದೆ. ಪಂಚಾಂಗ ಆಳಕ್ಕೆ ಹೋಗಿರದಿದ್ದರೆ ಮನೆಯೂ ಅದರೊಂದಿಗೆ ಏರಿ ಇಳಿಯುತ್ತದೆ.

ತೇವದ ಮಾತಿಗೆ ಬರೋಣ. ನೆಲದಿಂದ ಮೊಣಕಾಲಿನವರೆಗೋ ಸೊಂಟದವರೆಗೋ ಮಾತ್ರ ಗೋಡೆಯ ಬಣ್ಣ ಉಬ್ಬಿ ಉದುರುತ್ತಿದ್ದರೆ, ಬಿಳಿ ಉಪ್ಪಿನ ಪುಡಿ ಹೊರಬರುತ್ತಿದ್ದರೆ ನೀರು ಕೆಳಗಿನಿಂದ ಗೋಡೆಯೊಳಗೆ ಏರುತ್ತಿದೆ ಎಂದರ್ಥ. ಮುರಕಲ್ಲು ರಂಧ್ರಗಳಿರುವ ಕಲ್ಲು. ಬತ್ತಿ ಎಣ್ಣೆಯನ್ನು ಹೀರುವಂತೆ ನೆಲದ ನೀರನ್ನು ಹೀರುತ್ತದೆ. ಪಂಚಾಂಗದ ಮೇಲೆ, ಗೋಡೆ ಏಳುವ ಮೊದಲು, ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಹಾಕದೆ ಕಟ್ಟಿದ ಹಳೆಯ ಮನೆಗಳಲ್ಲಿ ಇದಕ್ಕೆ ಬಣ್ಣದಿಂದ ಪರಿಹಾರವಿಲ್ಲ. ಛಾವಣಿಯಲ್ಲಿ ಚಹಾದ ಕಲೆಯಂತೆ ಕಂದು ಅಂಚಿನ ಉಂಗುರಗಳು ಕಂಡರೆ ನೀರು ಮೇಲಿನಿಂದ ಬರುತ್ತಿದೆ. ಸ್ಲ್ಯಾಬಿನ ಅಡಿಯ ಸಿಮೆಂಟ್ ಚಕ್ಕೆಯಾಗಿ ಬಿದ್ದು ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಅದು ಎಲ್ಲಕ್ಕಿಂತ ಗಂಭೀರ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ತನ್ನ ಸುತ್ತಲಿನ ಕಾಂಕ್ರೀಟನ್ನೇ ಒಡೆಯುತ್ತದೆ. ಸಮುದ್ರದ ಉಪ್ಪು ಮರಳನ್ನು ಬಳಸಿ ಕಟ್ಟಿದ ಕಡೆ ಇದು ಬೇಗ ಬರುತ್ತದೆ. ಆದ್ದರಿಂದ ಮನೆಯನ್ನು ಒಮ್ಮೆಯಾದರೂ ಮಳೆಗಾಲದಲ್ಲಿ ನೋಡಬೇಕು. ಸಾಧ್ಯವಾಗದಿದ್ದರೆ ಹೊಸದಾಗಿ ಬಣ್ಣ ಬಳಿದ ಒಂದೇ ಗೋಡೆ, ಹೊಸ ಟೈಲ್ಸ್ ಹಾಕಿದ ಒಂದೇ ಕೋಣೆ, ಗೋಡೆಗೆ ತಾಗಿಸಿಟ್ಟ ಕಪಾಟು ಇವುಗಳ ಬಗ್ಗೆ ಕೇಳಬೇಕು. ಕಪಾಟನ್ನು ಸರಿಸಿ ನೋಡಲು ಸಂಕೋಚ ಬೇಡ. ಮನೆಯೊಳಗೆ ಕಾಲಿಟ್ಟೊಡನೆ ಮುಗ್ಗಲು ವಾಸನೆ ಬಂದರೆ ಅದಕ್ಕಿಂತ ನಂಬಲರ್ಹ ಸಾಕ್ಷಿ ಬೇರೆ ಇಲ್ಲ, ಅತ್ತರು ಸಿಂಪಡಿಸದೆ ಇದ್ದರೆ.

ಕೊಳ್ಳುವವನು ಇಷ್ಟೆಲ್ಲ ಪರೀಕ್ಷಿಸಬೇಕಾದದ್ದೇ. ಆದರೆ ಪರೀಕ್ಷಿಸದಿರುವುದು ಅವನ ದಡ್ಡತನವಾದರೆ, ತಿಳಿದೂ ಹೇಳದಿರುವುದು ಮಾರುವವನ ಪಾಪ. ಇವೆರಡನ್ನೂ ತಕ್ಕಡಿಯಲ್ಲಿಟ್ಟು ಸಮ ಎನ್ನುವ ವಾದವನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ: ಕಣ್ಣಿದ್ದವನು ನೋಡಿಕೊಂಡು ಕೊಳ್ಳಲಿ, ನಾವೇನು ಬಲವಂತ ಮಾಡಿದೆವೇ? ಫಿಕ್ಹ್ ಈ ವಾದವನ್ನು ಒಪ್ಪುವುದಿಲ್ಲ. ಮಾರುವಾಗಲೇ ವಸ್ತುವಿನಲ್ಲಿದ್ದ, ಅದರ ಬೆಲೆಯನ್ನು ತಗ್ಗಿಸುವಂಥ ದೋಷವೊಂದು ಆಮೇಲೆ ಬೆಳಕಿಗೆ ಬಂದರೆ ಕೊಂಡವನಿಗೆ ವ್ಯವಹಾರವನ್ನು ರದ್ದುಗೊಳಿಸಿ ಹಣ ಹಿಂಪಡೆಯುವ ಹಕ್ಕಿದೆ. ಇದನ್ನೇ ಖಿಯಾರುಲ್ ಐಬ್ ಎನ್ನುತ್ತಾರೆ. ಕರಾವಳಿಯಲ್ಲಿ ನಾವು ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ದೋಷ ತಿಳಿದ ಕೂಡಲೇ ಆ ಹಕ್ಕನ್ನು ಮಂಡಿಸಬೇಕು, ಕಾರಣವಿಲ್ಲದೆ ತಡಮಾಡಿದರೆ ಅದು ಕೈತಪ್ಪುತ್ತದೆ. ಹನಫಿ ಮದ್‌ಹಬ್‌ನಲ್ಲಿ ಸಮಯದ ಬಿಗಿ ಅಷ್ಟಿಲ್ಲವಾದರೂ ದೋಷ ತಿಳಿದ ಮೇಲೂ ಒಪ್ಪಿಕೊಂಡವನಂತೆ ಬಳಸುತ್ತಾ ಹೋದರೆ ಹಕ್ಕು ಬಿದ್ದುಹೋಗುತ್ತದೆ. ಮಳೆಗಾಲದಲ್ಲಿ ಕಂಡ ಒರತೆಯ ಬಗ್ಗೆ ಮುಂದಿನ ರಮಝಾನಿನಲ್ಲಿ ದೂರುವವರು ಇದನ್ನು ನೆನಪಿಡಬೇಕು.

ಇನ್ನು ಕೆಲವರು ಜಾಣರು. ಇದ್ದ ಹಾಗೆಯೇ ಮಾರುತ್ತಿದ್ದೇನೆ, ಯಾವ ದೋಷಕ್ಕೂ ನಾನು ಹೊಣೆಯಲ್ಲ ಎಂಬ ಸಾಲನ್ನು ಕರಾರುಪತ್ರದಲ್ಲಿ ಬರೆಸುತ್ತಾರೆ. ಹನಫಿ ವಿದ್ವಾಂಸರು ಅಂಥ ಷರತ್ತಿಗೆ ಮಾನ್ಯತೆ ಕೊಟ್ಟಿದ್ದಾರೆ ಎಂಬುದು ನಿಜ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಅದು ಮಾರುವವನನ್ನು ಪಾರುಮಾಡುವುದು ಪ್ರಾಣಿಗಳಲ್ಲಿ ಅವನಿಗೂ ಗೊತ್ತಿಲ್ಲದ ಒಳದೋಷದ ವಿಷಯದಲ್ಲಿ ಮಾತ್ರ. ಆದರೆ ಯಾವ ಮದ್‌ಹಬ್ ಕೂಡ ತಿಳಿದ ದೋಷವನ್ನು ಮುಚ್ಚಿಡುವುದು ಹಲಾಲ್ ಎಂದು ಹೇಳಿಲ್ಲ. ಕಾಝಿಯ ಮುಂದೆ ಗೆಲ್ಲುವುದಕ್ಕೂ ಅಲ್ಲಾಹನ ಮುಂದೆ ನಿಲ್ಲುವುದಕ್ಕೂ ಇರುವ ಅಂತರವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ, ಕರಾರುಪತ್ರದ ಮುಂದೆ ಮಾತ್ರ ಮರೆಯುತ್ತೇವೆ.

ದೇಶದ ಕಾನೂನು ಕೂಡ ಇಲ್ಲಿ ಶರೀಅತ್‌ನ ಪಕ್ಕದಲ್ಲಿಯೇ ನಿಂತಿದೆ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 55ನೆಯ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದಲ್ಲಿ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣಸಿಗದ ಮುಖ್ಯ ದೋಷವನ್ನು ತಿಳಿಸುವುದು ಮಾರುವವನ ಹೊಣೆ. ಪುಟ್ಟಿಯ ಅಡಿಯ ಬಿರುಕು ಇದಕ್ಕಿಂತ ಒಳ್ಳೆಯ ಉದಾಹರಣೆಯಾಗಲಾರದು. (ನೋಂದಣಿಯ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸಿ ಉಳಿದದ್ದನ್ನು ಕೈಯಲ್ಲಿ ಕೊಡುವವರು ಒಂದು ಯೋಚಿಸಲಿ. ನಾಳೆ ದೋಷ ಹೊರಬಿದ್ದು ಹಣ ಹಿಂದಕ್ಕೆ ಕೇಳುವ ಪ್ರಸಂಗ ಬಂದರೆ ಯಾವ ಕಾಗದ ತೋರಿಸುತ್ತೀರಿ? ಅದು ಸುಳ್ಳು ಸಾಕ್ಷ್ಯವೂ ಹೌದೆಂಬುದು ಬೇರೆ ಮಾತು.)

ಎಲ್ಲವನ್ನೂ ಹೇಳಿದರೆ ಮನೆಯನ್ನು ಯಾರು ಕೊಳ್ಳುತ್ತಾರೆ? ಇದು ಹೊಸ ಪ್ರಶ್ನೆಯಲ್ಲ. ಇಮಾಮ್ ಗಝ್ಝಾಲಿಯವರು ಇಹ್ಯಾದಲ್ಲಿ ಸಂಪಾದನೆಯ ಶಿಷ್ಟಾಚಾರಗಳನ್ನು ವಿವರಿಸುವಲ್ಲಿ ಸಹಾಬಿ ಜರೀರ್ ಬಿನ್ ಅಬ್ದುಲ್ಲಾ(ರ)ರ ವಿಷಯ ಹೇಳುತ್ತಾರೆ. ಅವರು ಏನನ್ನಾದರೂ ಮಾರುವಾಗ ಅದರ ದೋಷಗಳನ್ನು ಮೊದಲು ತೋರಿಸಿ, ಬೇಕಾದರೆ ತೆಗೆದುಕೋ ಬೇಡವಾದರೆ ಬಿಡು ಎನ್ನುತ್ತಿದ್ದರಂತೆ. ಹೀಗೆ ಮಾಡಿದರೆ ನಿಮ್ಮ ವ್ಯಾಪಾರವೇ ನಡೆಯದು ಎಂದವರಿಗೆ, ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುತ್ತೇವೆಂದು ನಾವು ಅಲ್ಲಾಹನ ಸಂದೇಶವಾಹಕರ(ಸ) ಕೈಹಿಡಿದು ಪ್ರತಿಜ್ಞೆ ಮಾಡಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಅದೇ ಗ್ರಂಥದಲ್ಲಿ ಹಾಲಿಗೆ ನೀರು ಬೆರೆಸುತ್ತಿದ್ದವನ ಕಥೆಯೂ ಇದೆ. ನೆರೆ ಬಂದು ಅವನ ಹಸುವನ್ನು ಕೊಚ್ಚಿಕೊಂಡು ಹೋದಾಗ, ನಾವು ಹಾಲಿಗೆ ಬೆರೆಸಿದ ನೀರೆಲ್ಲ ಒಟ್ಟಾಗಿ ಬಂದಿತೆಂದು ಅವನ ಮಗುವೇ ಹೇಳಿತಂತೆ.

ನನ್ನನ್ನು ಹೆಚ್ಚು ಕಾಡಿದ್ದು ಅಲ್ಲಿಯೇ ಬರುವ ಇನ್ನೊಂದು ಪ್ರಸಂಗ. ಒಬ್ಬನು ಒಂಟೆಯೊಂದನ್ನು 300 ದಿರ್‌ಹಮ್‌ಗೆ ಮಾರುತ್ತಿದ್ದಾಗ ಸಹಾಬಿ ವಾಸಿಲ ಬಿನ್ ಅಸ್ಕಅ(ರ) ಅಲ್ಲಿಯೇ ನಿಂತಿದ್ದರು. ಒಂಟೆ ಅವರದ್ದಲ್ಲ, ವ್ಯಾಪಾರವೂ ಅವರದ್ದಲ್ಲ. ಗಮನ ಬೇರೆಡೆ ಇದ್ದ ಹೊತ್ತಿನಲ್ಲಿ ಕೊಂಡವನು ಒಂಟೆ ಹಿಡಿದು ಹೊರಟುಹೋದ. ತಿಳಿದೊಡನೆ ಅವರು ಅವನ ಹಿಂದೆ ಓಡಿ, ಮಾಂಸಕ್ಕೆ ಕೊಂಡೆಯೋ ಸವಾರಿಗೋ ಎಂದು ಕೇಳಿದರು. ಸವಾರಿಗೆ ಎಂದಾಗ, ಅದರ ಗೊರಸಿನಲ್ಲಿ ತೂತಿದೆ, ದೂರದ ಪ್ರಯಾಣಕ್ಕೆ ಬಾಳದು ಎಂದರು. ಅವನು ಮರಳಿ ಬಂದಾಗ ಮಾರಿದವನು 100 ದಿರ್‌ಹಮ್ ಬೆಲೆ ಇಳಿಸಬೇಕಾಯಿತು. ನನ್ನ ವ್ಯಾಪಾರ ಕೆಡಿಸಿದಿರಿ ಎಂದು ಅವನು ಆಕ್ಷೇಪಿಸಿದ. ದೋಷವನ್ನು ತಿಳಿಸದೆ ಮಾರುವುದು ಹೇಗೆ ಮಾರುವವನಿಗೆ ಸಲ್ಲದೋ, ಹಾಗೆಯೇ ಅದನ್ನು ತಿಳಿದಿರುವ ಮೂರನೆಯವನು ಸುಮ್ಮನಿರುವುದೂ ಸಲ್ಲದು ಎಂಬ ಪ್ರವಾದಿ(ಸ)ರ ಬೋಧನೆಯನ್ನು ವಾಸಿಲ(ರ) ಅವನ ಮುಂದಿಟ್ಟರು.

ಅವರು ಓಡಿದರು. ನಾನು ಬಿರಿಯಾನಿ ಉಂಡೆ.

ಇಲ್ಲಿ ನಮ್ಮವರು ಎತ್ತುವ ಆಕ್ಷೇಪವೊಂದಿದೆ, ಅದು ಗೀಬತ್ ಆಗುವುದಿಲ್ಲವೇ ಎಂದು. ಬೇರೆ ಸಮಯದಲ್ಲಿ ಗೀಬತ್‌ಗೆ ಇಷ್ಟು ಹೆದರುವ ಜನ ನಾವಲ್ಲ ಎಂಬುದನ್ನು ಬದಿಗಿಡೋಣ. ಇಮಾಮ್ ನವವಿಯವರು ಗೀಬತ್‌ಗೆ ಅನುಮತಿಯಿರುವ ಸಂದರ್ಭಗಳನ್ನು ಎಣಿಸುವಾಗ ಇತರರನ್ನು ಹಾನಿಯಿಂದ ಎಚ್ಚರಿಸುವುದನ್ನೂ ಸೇರಿಸಿದ್ದಾರೆ. ದೋಷವಿರುವ ಸರಕನ್ನು ತಿಳಿಯದೆ ಕೊಳ್ಳುತ್ತಿರುವವನಿಗೆ ತಿಳಿಸುವುದು ಆ ಸಾಲಿಗೆ ಸೇರುತ್ತದೆ. ಹೇಳಬೇಕಾದದ್ದು ಗೋಡೆಯ ವಿಷಯ, ಗೋಡೆಯ ಒಡೆಯನ ಗುಣದ ವಿಷಯವಲ್ಲ. ಆ ಗಡಿಯನ್ನು ದಾಟದಿದ್ದರೆ ಸಾಕು. ಮೊದಲು ಮಾರುವವನ ಬಳಿಗೇ ಹೋಗಿ, ನೀವೇ ಹೇಳಿಬಿಡಿ ಎಂದು ವಿನಂತಿಸುವುದು ಇನ್ನೂ ಒಳ್ಳೆಯದು. ನಾನು ಅದನ್ನೂ ಮಾಡಿರಲಿಲ್ಲ.

ಕೊಳ್ಳುವವರ ಪರವಾಗಿ ಇಷ್ಟು ಬರೆದ ಮೇಲೆ ಅವರಿಗೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮನೆ ಮಾರಲು ಹೊರಟವರ ಮುಂದೆ ಕೂದಲೆಳೆಯ ಬಿರುಕನ್ನು ತೋರಿಸಿ, ಪಂಚಾಂಗವೇ ಹೋಗಿದೆ, ಕೆಡವಬೇಕು ಎಂದು ಹೆದರಿಸಿ ಬೆಲೆ ಇಳಿಸುವವರನ್ನು ಕಂಡಿದ್ದೇನೆ. ಜೊತೆಗೆ ಕರೆತಂದ ಮೇಸ್ತ್ರಿಗೆ ಮೊದಲೇ ಪಾಠ ಹೇಳಿರುತ್ತಾರೆ. ಇಲ್ಲದ ದೋಷವನ್ನು ಹೇಳುವುದು ಇರುವ ದೋಷವನ್ನು ಮುಚ್ಚುವುದರ ಇನ್ನೊಂದು ಮುಖ. ಇಬ್ಬರಿಂದಲೂ ಪ್ರತಿಶತ ಪಡೆಯುವ ದಲ್ಲಾಳಿಯ ಬಗ್ಗೆ ಬರೆಯಲು ಹೊರಟರೆ ಇನ್ನೊಂದು ಲೇಖನವೇ ಬೇಕಾದೀತು.

ಕೊಳ್ಳುವವನು ಮುಸ್ಲಿಮನಲ್ಲದಿದ್ದರೆ ಏನು ಎಂದು ಯುವಕನೊಬ್ಬ ನನ್ನನ್ನು ಕೇಳಿದ್ದುಂಟು. ಪ್ರಶ್ನೆಯಲ್ಲಿಯೇ ನನಗೆ ನೋವಾಯಿತು. ಅಮಾನತ್ ಯಾರದ್ದೆಂದು ನೋಡಿ ಬದಲಾಗುವ ವಸ್ತುವಲ್ಲ. ಪ್ರವಾದಿವರ್ಯರು(ಸ) ಮಕ್ಕಾದಿಂದ ಹೊರಡುವ ರಾತ್ರಿ ತಮ್ಮನ್ನು ಕೊಲ್ಲಲು ಸಂಚು ಹೂಡಿದ ಜನರ ಠೇವಣಿಗಳನ್ನು ಮರಳಿಸಲೆಂದೇ ಅಲೀ(ರ)ರನ್ನು ಹಿಂದೆ ಬಿಟ್ಟುಹೋದರು ಎಂಬುದನ್ನು ನಾವು ಸೀರತ್‌ನಲ್ಲಿ ಓದುತ್ತೇವೆ.

ನಮ್ಮ ಜಮಾಅತ್‌ಗಳು ಇದಕ್ಕೆ ಏನಾದರೂ ಮಾಡಬಹುದು. ಮಸೀದಿಯ ಮಿಂಬರಿನಿಂದ ಬಡ್ಡಿಯ ವಿರುದ್ಧ, ವರದಕ್ಷಿಣೆಯ ವಿರುದ್ಧ ಮಾತನಾಡುತ್ತೇವೆ. ವರ್ಷಕ್ಕೊಂದು ಜುಮುಆ ಖುತ್‌ಬಾದ ಮುನ್ನುಡಿಯಲ್ಲಿ ಮನೆ, ಜಾಗ, ಹಳೆಯ ವಾಹನಗಳ ಮಾರಾಟದ ಬಗ್ಗೆ ಮಾತನಾಡಿದರೆ ಆಕಾಶ ಕಳಚಿ ಬೀಳದು. ಮನೆ ಮಾರುವ ಕುಟುಂಬವು ಕರಾರಿನ ಜೊತೆಗೆ ಒಂದು ಪುಟದ ದೋಷಪತ್ರ ಬರೆದು ಕೊಡುವ ಸಂಪ್ರದಾಯವನ್ನು ಆರಂಭಿಸಬಹುದು. ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕು ಬಿಟ್ಟಿತ್ತು, ಯಾವಾಗ ಏನು ದುರಸ್ತಿಯಾಯಿತು, ಬಾವಿಯ ನೀರು ಯಾವ ತಿಂಗಳಲ್ಲಿ ಕೆಳಗಿಳಿಯುತ್ತದೆ, ಯಾವ ಜಾಗ ತುಂಬಿಸಿದ್ದು, ಗೆದ್ದಲು ಇದೆಯೋ ಇಲ್ಲವೋ ಇಷ್ಟು ಸಾಕು. ಇಬ್ಬರ ಸಹಿ ಇರಲಿ. ಇದರಿಂದ ಮಾರುವವನಿಗೇ ಹೆಚ್ಚು ಲಾಭ. ತಿಳಿಸಿ ಮಾರಿದ ದೋಷಕ್ಕಾಗಿ ನಾಳೆ ಯಾರೂ ಅವನ ಮನೆ ಬಾಗಿಲು ಬಡಿಯಲಾರರು.

ನನ್ನ ವಿದ್ಯಾರ್ಥಿಯ ವಿಷಯ ಏನಾಯಿತು ಎಂದು ಕೇಳುವಿರಿ. ಆ ಸಂಜೆ ನಾನು ಗೊತ್ತಿತ್ತು ಎಂದೇ ಉತ್ತರಿಸಿದೆ. ಅವನು ಕೂಗಾಡಲಿಲ್ಲ, ಕೊಡೆ ತೆಗೆದುಕೊಂಡು ಎದ್ದುಹೋದ. ಎರಡು ವಾರ ಮಸೀದಿಯಲ್ಲಿ ನನ್ನ ಮುಖ ನೋಡಲಿಲ್ಲ. ಬಳಿಕ ನಾನೇ ಅವನನ್ನು ಕರೆದುಕೊಂಡು, ಈಗ ಪಟ್ಟಣದಲ್ಲಿ ಮಗನ ಜೊತೆ ಇರುವ ಮಾರಿದ ಹಿರಿಯರಲ್ಲಿಗೆ ಹೋದೆ. ಅವನು ಅಷ್ಟರಲ್ಲಿ ನೆಲವನ್ನು ಅಗೆಸಿ ಹಿಂಬದಿಯ ಗೋಡೆಯನ್ನು ಭಾಗಶಃ ಒಡೆಸಿದ್ದ. ಮನೆಯನ್ನು ಕೊಂಡ ಹಾಗೆಯೇ ಹಿಂದಿರುಗಿಸುವ ಸ್ಥಿತಿ ಇರಲಿಲ್ಲ. ಹಿರಿಯರು ಮೊದಲು ಕೋಪಿಸಿಕೊಂಡರು. ನಾನು ಅವರ ಅಡುಗೆಕೋಣೆಯ ಗೋಣಿಚೀಲಗಳನ್ನು ನೆನಪಿಸಿದಾಗ ಅವರ ಪತ್ನಿ ಒಳಗಿನಿಂದ, ಉಸ್ತಾದರು ಹೇಳುವುದು ಸುಳ್ಳಲ್ಲವಲ್ಲ ಎಂದರು. ಆಮೇಲೆ ಹಿರಿಯರು ತಾವಾಗಿಯೇ ಹಣದ ಒಂದು ಭಾಗವನ್ನು ಮರಳಿಸಲು ಒಪ್ಪಿ, ಎರಡು ಕಂತಿನಲ್ಲಿ ಕೊಟ್ಟರು. ಮನೆಯ ಹಿಂಬದಿಗೆ ಪಂಚಾಂಗಕ್ಕಿಂತ ಆಳವಾಗಿ, ಗೋಡೆಯಿಂದ ಅಂತರ ಬಿಟ್ಟು ಕಾಲುವೆ ತೋಡಿ, ಜಲ್ಲಿ ತುಂಬಿಸಿ ಒರತೆಯ ನೀರನ್ನು ಬದಿಗೆ ತಿರುಗಿಸಿದ್ದಾನೆ. ನೆಲ ಈಗ ಬಹುಮಟ್ಟಿಗೆ ಒಣಗಿದೆ. ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿಟ್ಟಿದ್ದಾನೆ.

ಇದಾಗಿ ಆರು ತಿಂಗಳಲ್ಲಿ ನನ್ನದೇ ಪರೀಕ್ಷೆ ಬಂತು. ನಮ್ಮ ತಂದೆಯವರ ಮರಣಾನಂತರ ಮುಚ್ಚಿಬಿದ್ದಿದ್ದ ಹಳೆಯ ಮನೆಯನ್ನು ಮಾರಿ ವಾರಸುದಾರರು ಹಂಚಿಕೊಳ್ಳುವುದೆಂದು ತೀರ್ಮಾನವಾಯಿತು. ಪಡುವಣ ಗೋಡೆಯಲ್ಲಿ ತೇವ ಇತ್ತು, ತಾರಸಿಯ ಒಂದು ಮೂಲೆ ಸೋರುತ್ತಿತ್ತು. ಬೇಸಿಗೆಯಲ್ಲಿಯೇ ಪುಟ್ಟಿ ಹಾಕಿಸಿ ಮಾರಿಬಿಡೋಣವೆಂದು ತಮ್ಮ ಹೇಳಿದ. ನಾನು ಒಪ್ಪಲಿಲ್ಲ. ತಂಗಿಯ ಮಗಳ ಮದುವೆ ನಿಶ್ಚಯವಾಗಿತ್ತು. "ನಿನ್ನ ತಖ್ವಾದ ಬೆಲೆಯನ್ನು ನಾವು ಏಕೆ ಕೊಡಬೇಕು?" ಎಂದು ಅವಳು ಕೇಳಿದಳು. ಮುಚ್ಚಿಟ್ಟು ಗಳಿಸುವ ಹಣ ತಂದೆಯ ಆಸ್ತಿಯಲ್ಲ, ಅದು ಕೊಳ್ಳುವವನದ್ದು ಎಂದು ನಾನು ಹೇಳಿದೆ. ಮಾತು ಸರಿಯೇ ಇತ್ತು, ಆದರೆ ಅದರಿಂದ ಅವಳ ಮಗಳ ಮದುವೆಯ ಖರ್ಚು ತುಂಬುತ್ತಿರಲಿಲ್ಲ. ಕೊನೆಗೆ ಬೆಲೆ ಇಳಿದದ್ದರಿಂದ ಅವಳ ಪಾಲಿಗೆ ಬಂದ ಕೊರತೆಯನ್ನು ನನ್ನ ಪಾಲಿನಿಂದ ತುಂಬಿಕೊಟ್ಟೆ. ತಮ್ಮನಿಗೆ ಕೊಡುವಷ್ಟು ನನ್ನಲ್ಲಿ ಉಳಿಯಲಿಲ್ಲ. ಅವನು ಈಗಲೂ ಪೆರ್ನಾಲ್‌ಗೆ ಬಂದು ಸಲಾಂ ಹೇಳಿ ಹೋಗುತ್ತಾನೆ, ಕುಳಿತು ಮಾತನಾಡುವುದಿಲ್ಲ.

ಕೊಂಡವರು ಒಬ್ಬ ಶಾಲಾ ಶಿಕ್ಷಕ ದಂಪತಿ, ಹಿಂದೂಗಳು. ಮನೆ ನೋಡಲು ಮಾರ್ಚ್‌ನಲ್ಲಿ ಬರುತ್ತೇವೆಂದಿದ್ದರು. ಜೂನ್‌ವರೆಗೆ ಕಾಯಿರಿ, ಒಳ್ಳೆಯ ಮಳೆ ಬಿದ್ದ ದಿನ ಬನ್ನಿ ಎಂದು ನಾನು ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಜೂನ್ ಮೂರನೆಯ ವಾರ ಒದ್ದೆಯಾಗಿಯೇ ಬಂದರು. ನಾನು ಪಡುವಣ ಕೋಣೆಯ ಕಪಾಟನ್ನು ಸರಿಸಿ ಕೊಟ್ಟೆ. ಆ ಸಹೋದರಿ ಮುಂದೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, ಗಂಡನ ಕಡೆ ತಿರುಗಿ, ಇಲ್ಲಿ ತೇವ ಇದೆ ಎಂದರು. ಹೌದು, ನನ್ನ ತಾಯಿಯ ಕಾಲದಿಂದಲೂ ಇದೆ ಎಂದು ನಾನು ಹೇಳಿದೆ, ಮತ್ತು ಬರೆದಿಟ್ಟಿದ್ದ ಕಾಗದವನ್ನು ಅವರ ಕೈಗೆ ಕೊಟ್ಟೆ.